ಟೌ ಸೆಟಿ ಕಾಣುವ ತಿಂಗಳು

೧೪ ಜೂನ್ ೧೯೭೬, ಸೋಮವಾರ. ವಿಜಯನಗರ.

ಅಣ್ಣನ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅವನಿಗೆ ಶ್ವಾಸಕೋಶದ ಕಾಯಿಲೆ, ಎರಡು ತಿಂಗಳು ಉಳಿದರೆ ಹೆಚ್ಚು ಎಂದು ಡಾಕ್ಟರು ಅತ್ತಿಗೆಗೂ ನನಗೂ ಮಾತ್ರ ಹೇಳಿದ್ದಾರೆ. ಸಂಜೆ ಜ್ಞಾನಭಾರತಿಯಲ್ಲಿ ಭೌತಶಾಸ್ತ್ರದ ಪಾಠ ಮಾಡಿ ಮುಗಿಸಿ ಬಂದಾಗ ಅಣ್ಣ ಹತ್ತಿರ ಕರೆದ.

"ಕೋಕಿಲಾ, ಮನುಷ್ಯ ಬದುಕೋಕೆ ಯಾವ ನಕ್ಷತ್ರದ ಹತ್ರ ಹೋಗ್ಬಹುದು ಕಣೇ?"

ಆಲ್ಫಾ ಸೆಂಟಾರಿ ಹತ್ತಿರ, ಆದರೆ ಅಲ್ಲಿ ಎರಡು ಸೂರ್ಯ. ಬರ್ನಾರ್ಡ್ ನಕ್ಷತ್ರ ತೀರಾ ಮಂಕು. ಟೌ ಸೆಟಿ ದೂರವಾದರೂ ನಮ್ಮ ಸೂರ್ಯನ ಹಾಗೆ ಒಂಟಿ, ಶಾಂತ ಎಂದೆ.

"ಬರೀ ಕಣ್ಣಿಗೆ ಕಾಣುತ್ತಾ?"

"ಹೂಂ, ಡಿಸೆಂಬರ್‌ನಲ್ಲಿ ಸಂಜೆಗೇ ಕಾಣುತ್ತೆ." ಬಾಯಿಂದ ಬಂದುಬಿಟ್ಟಿತು.

ಅಣ್ಣ ನನ್ನ ಮುಖವನ್ನೇ ನೋಡಿದ. "ನೀನು ನೋಡ್ಕೋ ಕಣೇ," ಅಂದ.

ಅವನಿಗೆ ಎಲ್ಲ ಗೊತ್ತಿದೆ. ಹಾಗಾದರೆ ಇಷ್ಟು ದಿನ ಅವನೆದುರು ನಾವಿಬ್ಬರೂ ನಗುನಗುತ್ತಾ ಇದ್ದದ್ದನ್ನು ಹೇಗೆ ಸಹಿಸಿಕೊಂಡ?