ಎಡ ಅಂದರೆ ಯಾರ ಎಡ

ಕಳಸ, ಗುರುವಾರ

ಚಿಕ್ಕಮಗಳೂರಿನಿಂದ ಬಂದು ಆಕ್ಸಿಜನ್ ಪೈಪು ಮಾಡಿಕೊಟ್ಟ ಪ್ರಸನ್ನಕುಮಾರ್ ಸಾರ್ ಅವರಿಗೆ, ಗಿರಿಜಾಂಬಾ ಮಾಡುವ ನಮಸ್ಕಾರ.

ನಿನ್ನೆ ಮಧ್ಯಾಹ್ನ ಮಂಪರಿನಲ್ಲಿ ಕೆಟ್ಟ ಕನಸು ಬಿತ್ತು. ನೀವು ಕೊಟ್ಟ ಮೂಗಿನ ಪೈಪು ಮೆಣಸಿನ ಬಳ್ಳಿ ಹಾಗೆ ನಮ್ಮ ಯಜಮಾನರ ಕುತ್ತಿಗೆ ಸುತ್ತಿಕೊಂಡಿತ್ತು. ಎದ್ದು ನೋಡಿದರೆ ಇವರ ಮೂಗಿನಲ್ಲಿ ನಿಜವಾಗಿಯೂ ರಕ್ತ.

ಇವರ ಮೂಗಿನ ಒಳಮೂಳೆ ವಾಲಿದೆ ಅಂತ ತಾನೇ ನೀವು ಹೊಳ್ಳೆಯೊಳಗೆ ಹೋಗೋ ಎರಡು ತುದಿಗಳನ್ನೂ ಬೇಕಾದಷ್ಟು ಉದ್ದಕ್ಕೆ ಎಳೆದು ನಿಲ್ಲಿಸೋ ಹಾಗೆ ಮಾಡಿದ್ದು? "ಎಡದ್ದು ಗಿಡ್ಡ, ಬಲದ್ದು ಉದ್ದ" ಅಂತ ಚೀಟಿಯನ್ನೂ ಕೊಟ್ಟಿದ್ದೀರಿ. ನಾನು ಹಾಗೇ ಇಟ್ಟು ಸ್ನಾನಕ್ಕೆ ಹೋಗಿ ಬರೋಷ್ಟರಲ್ಲಿ ಅದು ತಿರುಗುಮುರುಗಾಗಿರುತ್ತೆ. ಎಂಟು ದಿನದಿಂದ ಇದೇ ಕಥೆ. ನಾದಿನಿ ಸೌಮ್ಯಳ ಮೇಲೆ ಅನುಮಾನ ಬಂದು, ಇವತ್ತು ಬಾಗಿಲ ಹಿಂದೆ ನಿಂತು ಹಿಡಿದೆ.

"ಅಣ್ಣನ ಎದುರಿಗೆ ಕೂತರೆ ಎಡ ಇದೇ ಅಲ್ವಾ ಅತ್ತಿಗೆ? ನೀವೇ ದಿನಾ ಕೆಡಿಸ್ತಿರೋದು!" ಅಂತ ನನಗೇ ಜೋರು ಮಾಡಿದಳು.

ನಾನು ಇವರ ಎಡಗೈ ಕಡೆಯದ್ದೇ ಎಡ ಅಂದುಕೊಂಡಿದ್ದೆ. ಇವರು ಏದುಸಿರಿನಲ್ಲೇ, "ಮಾರಾಯ್ತಿಯರೇ, ಮೊದಲು ಇಬ್ಬರೂ ಒಂದೇ ಕಡೆ ಕೂತ್ಕೊಳ್ರೇ" ಅಂದರು. ನನಗೆ ನಗು ಬರಲಿಲ್ಲ. ಬೆರಳಿಗೆ ಹಾಕೋ ಮೆಷಿನ್ನು ತೊಂಬತ್ತೆರಡು ತೋರಿಸ್ತಿದ್ದದ್ದು ಎಂಬತ್ತೇಳಕ್ಕೆ ಇಳಿದಿತ್ತು. ನರ್ಸಮ್ಮ ಬಂದು ಹಳೇ ಪೈಪನ್ನೇ ಹಾಕಿ ಹೋಗಿದ್ದಾರೆ. ಅದು ಇವರು ಮಗ್ಗಲು ಬದಲಿಸಿದರೆ ಕಳಚಿ ಬೀಳುತ್ತೆ.

ಫೋನಿನಲ್ಲಿ ಹೇಳಿದರೆ ಸೌಮ್ಯ ನಡುವೆ ಬಾಯಿ ಹಾಕ್ತಾಳೆ, ಅದಕ್ಕೇ ಈ ಕಾಗದ. ನಾನು ಐದನೇ ಕ್ಲಾಸಿಗೆ ಬಿಟ್ಟವಳು, ತಪ್ಪಿದ್ದರೆ ಬೇಜಾರು ಮಾಡ್ಕೋಬೇಡಿ. ಆದರೆ ಅಳತೆ ತೆಗೆಯುವಾಗ ನೀವೂ ಇವರ ಎದುರಿಗೇ ಕೂತಿದ್ದಿರಿ, ನಾನು ನೋಡಿದ್ದೇನೆ. ನಿಮ್ಮ ಪುಸ್ತಕದಲ್ಲಿ ಎಡ ಅಂತ ಬರೆದದ್ದು ಇವರ ಎಡವೋ, ನಿಮ್ಮ ಎಡವೋ, ದಯವಿಟ್ಟು ಇನ್ನೊಂದು ಸಲ ನೋಡಿ ತಿಳಿಸಿ.

ನಿಮ್ಮ ಉತ್ತರ ಕಾಯುವ,
ಗಿರಿಜಾಂಬಾ