ನಾಲ್ಕು ಗಂಟೆಯ ಉಪ್ಪು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 3.20

ಸಮೋಸದ ಆಲೂ ಬೆಂದಿದೆ. ನಾಲ್ಕು ಕಿಲೋ. ಸಿಪ್ಪೆ ತೆಗೆಯುವಾಗ ಬೆರಳೆಲ್ಲ ಸುಟ್ಟುಕೊಂಡೆ. ಮೈದಾ ಕಲಸಿ ಒದ್ದೆ ಬಟ್ಟೆ ಮುಚ್ಚಿಟ್ಟಾಯಿತು. ಮಸಾಲಪುರಿಯ ಬಟಾಣಿ ಕುಕ್ಕರಿನಲ್ಲಿದೆ — ಇನ್ನೆರಡು ವಿಷಲ್. ರಂಜಾನಿನ ಎರಡನೇ ರೋಜಾ, ಎರಡನೇ ಉಪವಾಸಕ್ಕೇ ಕಾಲು ಹೀಗೆ ಸೋತರೆ ತಿಂಗಳು ಹೆಂಗೆ ತಳ್ಳೋದು.

ಬೀದಿ ತಿಂಡಿ ಅಂತಾರೆ. ಬೀದಿಗೆ ಬರೋದು ಕೊನೆಯ ಒಂದೂವರೆ ಗಂಟೆ. ಐದಕ್ಕೆ ಬಾಗಿಲ ಮುಂದೆ ಟೇಬಲ್ ಹಾಕಿದರೆ ಅಜಾನ್ ಆಗೋ ಹೊತ್ತಿಗೆ ಖಾಲಿ. ಮಿಕ್ಕಿದ್ದೆಲ್ಲ ಬೆಳಗಿನಿಂದ ಈ ಅಡುಗೆಮನೆಯಲ್ಲಿ, ನನ್ನ ಸೊಂಟದ ಮೇಲೆ.

ಮಾಡೋದು ನಾನು, ರುಚಿ ನೋಡೋ ಹಾಗಿಲ್ಲ. ನಾಲಗೆ ತುದಿಗೆ ಮುಟ್ಟಿಸಿ ಉಗುಳಿದರೆ ತಪ್ಪಿಲ್ಲ ಅನ್ನೋರು ಇದ್ದಾರೆ. ನಮ್ಮತ್ತೆ ಚಾಂದ್ ಬಿ ಮುಂದೆ ಬಂದು ಅನ್ನಲಿ ನೋಡೋಣ. ಅದಕ್ಕೇ ಪಕ್ಕದ ಮನೆ ಲಕ್ಕಮ್ಮ. ಹನ್ನೊಂದು ವರ್ಷದಿಂದ ರಂಜಾನ್ ತಿಂಗಳು ಪೂರ್ತಿ, ನಾಲ್ಕು ಗಂಟೆಗೆ ಹಿಂದಿನ ಗೇಟು ತೆಗೆದುಕೊಂಡು ಬರ್ತಾಳೆ. ಮಣೆ ಮೇಲೆ ಕೂತು ಪಲ್ಯ, ಚಟ್ನಿ, ಬಟಾಣಿ ರಸ ಮೂರನ್ನೂ ನೆಕ್ಕಿ ಉಪ್ಪು ಹೇಳ್ತಾಳೆ. ಅವಳದೇ ಹಿತ್ತಾಳೆ ಬಟ್ಟಲು ತರ್ತಾಳೆ. ಮೊದಮೊದಲು ಚಮಚವನ್ನೂ ತರ್ತಿದ್ದಳು, ನಮ್ಮದು ಮುಟ್ಟಬಾರದು ಅಂತ. ಮೂರನೇ ವರ್ಷ ಚಮಚ ನಿಂತಿತು. ಬಟ್ಟಲು ಮಾತ್ರ ಉಳಿದುಕೊಂಡಿತು, ಯಾಕೆ ಅಂತ ನಾನೂ ಕೇಳಿಲ್ಲ.

ಗೇಟು ಸದ್ದಾಯಿತು. ಬಂದಳು.

ಮಾರ್ಚ್ 5, ಬುಧವಾರ

ಕರೀಮ್ ಸಾಬ್ ಬಂದಿದ್ದರು. ಮಸೀದಿ ಇಫ್ತಾರಿಗೆ ದಿನಾ ನಲವತ್ತು ಸಮೋಸ ಒಯ್ಯೋರು ಅವರೇ. ಒಳಗೆ ಬರಲಿಲ್ಲ, ಚಪ್ಪಲಿ ನೋಡಿಕೊಂಡು ಮಾತಾಡಿದರು. "ಬೇಟಿ, ಎರಡು ದಿನದಿಂದ ನಮಕ್ ಜಾಸ್ತಿ ಬೀಳ್ತಾ ಇದೆ. ದಿನವೆಲ್ಲ ನೀರಿಲ್ಲದೆ ಇರೋರು... ಸ್ವಲ್ಪ ನೋಡಮ್ಮ."

ಇಫ್ತಾರಿಗೆ ತಿಂದು ನೋಡಿದೆ. ಹೌದು, ಬಾಯಿಗಿಡೋಕಾಗಲ್ಲ. ಅತ್ತೆ ಅರ್ಧ ಸಮೋಸ ತಟ್ಟೆಗೆ ಹಾಕಿ, "ನಿನ್ನ ಕೈ ಪಾವಗಡದ ಬಸ್ ಹತ್ತಿ ತವರಿಗೆ ಹೋಯ್ತಾ?" ಅಂದರು.

ನಾನು ಉಪ್ಪನ್ನು ಯಾವತ್ತೂ ಅಳೆದವಳಲ್ಲ. ಕೈಯಂದಾಜಿಗೆ ಸ್ವಲ್ಪ ಕಡಿಮೆಯೇ ಹಾಕಿ ಬಿಡ್ತೀನಿ. ಆಮೇಲೆ ಲಕ್ಕಮ್ಮ ಹೇಳಿದಷ್ಟು. ಪ್ಯಾಕೆಟ್ ಬೇರೆ ಕಂಪನಿದು, ಅದಕ್ಕೇ ಇರಬೇಕು.

ಮಾರ್ಚ್ 7, ಶುಕ್ರವಾರ

ಹಳೇ ಕಂಪನಿ ಉಪ್ಪೇ ತರಿಸಿದೆ. ಲಕ್ಕಮ್ಮ ನೆಕ್ಕಿ, "ಸಪ್ಪೆ ಕಣಮ್ಮ, ಇನ್ನೊಂದ್ ಹಿಡಿ ಬೀಳ್ಲಿ" ಅಂದಳು. ಹಾಕಿದೆ. ಮತ್ತೆ ಉಪ್ಪಿನ ಗಣಿ. ನಾಳೆಯೂ ಹೀಗೇ ಆದರೆ ಬೇರೆ ಕಡೆ ಹೇಳ್ತೀನಿ ಅಂದರು ಕರೀಮ್ ಸಾಬ್. ಬೇಜಾರಿಂದಲೇ ಅಂದರು, ಆದರೂ ಅಂದರು.

ಮಾರ್ಚ್ 8, ಶನಿವಾರ

ಮಾಡಬಾರದ್ದು ಮಾಡಿದೆ. ಬಟಾಣಿ ರಸಕ್ಕೆ ಉಪ್ಪು ಹಾಕುವ ಮುಂಚೆ, ಮೆಣಸಿನಕಾಯಿ ಅರೆದು ಸೇರಿಸುವ ಮುಂಚೆ, ಒಂದು ಸೌಟು ಬೇರೆ ತೆಗೆದಿಟ್ಟೆ. ಬರೀ ಬೆಂದ ಬಟಾಣಿ ನೀರು. ಅದನ್ನೇ ಲಕ್ಕಮ್ಮನ ಬಟ್ಟಲಿಗೆ ಹಾಕಿದೆ.

ಕಣ್ಣು ಮುಚ್ಚಿ ನೆಕ್ಕಿದಳು. ನಾಲಗೆ ಚಪ್ಪರಿಸಿದಳು. "ಭೇಷಾಗೈತೆ. ಖಾರ ಒಂಚೂರು ಮುಂದೈತೆ, ಇರ್ಲಿ ಬುಡು."

ಅವಳಿಗೆ ಏನೂ ಗೊತ್ತಾಗ್ತಿಲ್ಲ. ಉಪ್ಪೂ ಇಲ್ಲ, ಖಾರವೂ ಇಲ್ಲ. ಸಂಕ್ರಾಂತಿ ಹೊತ್ತಿಗೆ ಹದಿನೈದು ದಿನ ಜ್ವರ ಬಂದು ಮಲಗಿದ್ದಳಲ್ಲ... ಆವಾಗಲೇ ನಾಲಗೆಯ ರುಚಿ ಹೋಗಿರಬೇಕು. ಎಪ್ಪತ್ತು ವರ್ಷದ ಮುದುಕಿಗೆ ನಾನು ಪರೀಕ್ಷೆ ಇಟ್ಟೆ. ಪಾಸಾದವಳ ಹಾಗೆ ನಕ್ಕು ಟೀ ಕುಡಿದು ಹೋದಳು. ನಾಚಿಕೆ ಆಯಿತು ನನಗೆ.

ಉಪ್ಪು ನಾನೇ ಹೆದರಿ ಹೆದರಿ ಹಾಕಿದೆ. ಇವತ್ತು ಸಪ್ಪೆ. ಸಪ್ಪೆ ವಾಸಿ ಅಂದರು ಕರೀಮ್ ಸಾಬ್.

ಮಾರ್ಚ್ 10, ಸೋಮವಾರ

ಇವತ್ತಿನಿಂದ ನನಗೆ ತಿಂಗಳ ರಜೆ. ರೋಜಾ ಇಲ್ಲ, ನಮಾಜ್ ಇಲ್ಲ. ಆದರೂ ನಸುಕಿಗೇ ಸೆಹ್ರಿ ಊಟಕ್ಕೆ ಏಳಬೇಕು, ಇಫ್ತಾರಿಗೆ ಎಲ್ಲರ ಜೊತೆ ಕೂತು ಖರ್ಜೂರ ಬಾಯಿಗೆ ಹಾಕಬೇಕು. ಮನೆ ಗಂಡಸರಿಗೆ ಗೊತ್ತಾಗಬಾರದಲ್ಲ. ಹಸಿವಿಗೆ ರಜೆ ಸಿಕ್ಕಿತು, ನಾಟಕಕ್ಕೆ ಸಿಗಲಿಲ್ಲ.

ಬೇರೆ ವರ್ಷ ಈ ದಿನಗಳಲ್ಲೂ ನಾನು ರುಚಿ ನೋಡಿದವಳಲ್ಲ, ಲಕ್ಕಮ್ಮ ಇದ್ದಳಲ್ಲ. ಈ ಸಲ ಅಡುಗೆಮನೆ ಬಾಗಿಲು ಓರೆ ಮಾಡಿ, ಕಳ್ಳಿಯ ಹಾಗೆ, ರುಚಿ ನೋಡಿ ನೋಡಿ ಚಮಚದಲ್ಲಿ ಉಪ್ಪು ಅಳೆದೆ. ನಾಲ್ಕು ಕಿಲೋ ಆಲೂಗೆ ದೊಡ್ಡ ಚಮಚದಲ್ಲಿ ಮೂರು, ಮಟ್ಟಸ ಮಾಡಿ. ಬಟಾಣಿ ರಸಕ್ಕೆ ಒಂದೂವರೆ. ಚಟ್ನಿಗೆ ಅರ್ಧ. ಇಲ್ಲೇ ಬರೆದಿಡ್ತೀನಿ. ಅತ್ತೆಗೆ ಕನ್ನಡ ಓದೋಕೆ ಬರಲ್ಲ, ಅದೊಂದು ಅನುಕೂಲ.

ನಾಲ್ಕಕ್ಕೆ ಲಕ್ಕಮ್ಮ ಬಂದು, "ಇನ್ನೊಂದ್ ಚಿಟಿಕೆ" ಅಂದಳು. ಡಬ್ಬಿಯೊಳಗೆ ಕೈ ಹಾಕಿದೆ, ಬರೀ ಬೆರಳು ತೆಗೆದು ಪಲ್ಯದ ಮೇಲೆ ಉದುರಿಸಿದೆ. "ಈಗ ಸರಿಹೋತು ನೋಡು" ಅಂದಳು.

ಮಾರ್ಚ್ 16, ಭಾನುವಾರ

ಕಂಪ್ಲೇಂಟ್ ಇಲ್ಲ. ಆರ್ಡರ್ ಅರವತ್ತಕ್ಕೆ ಏರಿದೆ. ಸಮೋಸ ಮಡಿಸಿ ಮಡಿಸಿ ಹೆಬ್ಬೆರಳು ಬಗ್ಗುತ್ತಿಲ್ಲ. ಇದರ ಮಧ್ಯೆ ದಿನಾ ನಾಲ್ಕಕ್ಕೆ ಬರೀ ಕೈಯ ಆಟ. ರೋಜಾ ಹಿಡಿದು ಸುಳ್ಳು ಹೇಳಬಾರದು. ಕೈಯಲ್ಲಿ ಹೇಳಿದರೆ ಲೆಕ್ಕಕ್ಕೆ ಬರುತ್ತಾ? ಯಾರನ್ನು ಕೇಳೋದು.

ಹೇಳಿಬಿಡೋಣ ಅನ್ನಿಸುತ್ತೆ. ಆಮೇಲೆ ಅವಳು ಸೆರಗು ಸರಿ ಮಾಡಿಕೊಂಡು, ಬಟ್ಟಲು ಹಿಡಿದು, ಏನೋ ಆಫೀಸಿಗೆ ಬಂದವಳ ಹಾಗೆ ಬರೋದು ನೋಡ್ತೀನಿ. ಬಾಯಿ ಬರಲ್ಲ.

ಮಾರ್ಚ್ 22, ಶನಿವಾರ

ಸಿಕ್ಕಿಬಿದ್ದೆ.

"ಸಪ್ಪೆ" ಅಂದಳು ಲಕ್ಕಮ್ಮ. ಡಬ್ಬಿಗೆ ಕೈ ಹಾಕಿ ಉದುರಿಸಿದೆ. ಸುಸ್ತಿನಲ್ಲಿ ಬೆರಳು ಸರಿಯಾಗಿ ಮಡಚಲೂ ಇಲ್ಲ, ಅಂಗೈ ಪೂರ್ತಿ ಕಂಡಿತು. ಅವಳು ನನ್ನ ಕೈ ನೋಡಿದಳು. ಮುಖ ನೋಡಿದಳು. "ಬತ್ತೀನಿ ಕಣಮ್ಮ" ಅಂತ ಎದ್ದಳು. ಅರ್ಧ ಟೀ ಹಾಗೇ ಇತ್ತು. ಬಟ್ಟಲೂ ಇಲ್ಲೇ ಬಿಟ್ಟು ಹೋದಳು.

ಮಾರ್ಚ್ 25, ಮಂಗಳವಾರ. ಸಂಜೆ 4.30

ಮೂರು ದಿನ ಆಯಿತು, ಬಂದಿಲ್ಲ. ನನಗೇನು ಕೆಲಸ ಕಡಿಮೆಯಾ, ಅವರಿವರ ಮುನಿಸನ್ನು ನೋಡಿಕೊಂಡು ಕೂರೋಕೆ? ಉಪ್ಪು ಸರಿಯಾಗಿದೆ. ಕರೀಮ್ ಸಾಬ್ ಹೊಗಳಿದರು. ಅತ್ತೆಯೂ ಎರಡು ಸಮೋಸ ತಿಂದರು. ನಾಲ್ಕು ಗಂಟೆಗೆ ಗೇಟಿನ ಕಡೆ ಕಿವಿ ಹೋಗುತ್ತೆ. ಈರುಳ್ಳಿ ಹೆಚ್ಚೋದು ಮುಗಿದು ಅರ್ಧ ಗಂಟೆ ಆಯಿತು, ಕಣ್ಣಲ್ಲಿ ಇನ್ನೂ ನೀರು.

ಮಾರ್ಚ್ 26, ಬುಧವಾರ

ಬಟ್ಟಲು ಕೊಡುವ ನೆಪದಲ್ಲಿ ಹೋದೆ. ಸೊಸೆ ಲಕ್ಷ್ಮೀದೇವಿ ಬಾಗಿಲಲ್ಲೇ ಪಿಸುಗುಟ್ಟಿದಳು. "ಏನ್ ಇಕ್ಕಿದ್ರೂ ಉಣ್ತಾರೆ ಕಣಕ್ಕ, ಚೆನ್ನಾಗೈತೆ ಅಂತಾರೆ. ಮೊನ್ನೆ ಸಾರಿಗೆ ಉಪ್ಪೇ ಮರೆತಿದ್ದೆ, ಅದೂ ಚೆನ್ನಾಗೈತಂತೆ."

ಲಕ್ಕಮ್ಮ ಜಗುಲಿಯ ಮೇಲೆ ಅವರೆಕಾಳು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬರೀ ಕೈ ಆಡಿಸ್ದೆ ನೀನು. ನಾಲ್ಗೆ ಹೋಗೈತೆ, ಕಣ್ಣು ಹೋಗಿಲ್ಲ ಕಣಮ್ಮ."

"ನೀವಾದ್ರೂ ಹೇಳಬಹುದಿತ್ತಲ್ಲ ಅಜ್ಜಿ. ಮಸೀದಿ ಜನಕ್ಕೆಲ್ಲ ಉಪ್ಪು ತಿನ್ನಿಸಿಬಿಟ್ರಿ." ಜೋರಾಗೇ ಅಂದೆ. ಬಾಯಿ ಒಣಗಿತ್ತು, ಸಿಟ್ಟೂ ಇತ್ತು.

ಸ್ವಲ್ಪ ಹೊತ್ತು ಕಾಳು ಬಿಡಿಸಿದಳು. ಆಮೇಲೆ ಅಂದಳು, "ಹೇಳ್ಬುಟ್ರೆ ನಾಲ್ಕು ಗಂಟೆಗೆ ನಾನೆಲ್ಲಿಗೆ ಹೋಗ್ಲಿ?"

ಬಟ್ಟಲು ಕೊಡಲು ಹೋದರೆ ತಗೊಳ್ಳಲಿಲ್ಲ. ವಾಪಸ್ ತಂದೆ.

ಮಾರ್ಚ್ 27, ಗುರುವಾರ

ನಾಲ್ಕೂ ಹತ್ತಕ್ಕೆ ಗೇಟು. ಬಂದು ಮಣೆ ಮೇಲೆ ಕೂತಳು. "ರುಚಿಗಿಚಿ ನೋಡಲ್ಲ. ಸುಮ್ಕೆ ಕೂತಿರ್ತೀನಿ" ಅಂದಳು. ಸರಿ ಅಂದೆ.

ಪಲ್ಯ ಕೆಳಗಿಳಿಸಿದೆ. ಹನ್ನೊಂದು ವರ್ಷದ ಅಭ್ಯಾಸ... ನನಗೇ ಗೊತ್ತಿಲ್ಲದೆ ಬಟ್ಟಲಿಗೆ ಹಾಕಿ ಮುಂದೆ ಹಿಡಿದಿದ್ದೆ. ಹಿಂದಕ್ಕೆ ತಗೊಳ್ಳೋಕಾಗುತ್ತಾ? ಅವಳು ಇಸಿದುಕೊಂಡಳು. ಬೆರಳಲ್ಲಿ ತೆಗೆದು ನಾಲಗೆಗಿಟ್ಟಳು. ತುಂಬಾ ಹೊತ್ತು ಬಾಯೊಳಗೇ ಇಟ್ಟುಕೊಂಡಳು.

"ಏನೂ ಗೊತ್ತಾಗ್ತಾ ಇಲ್ಲ ಕಣಮ್ಮ."

ರುಚಿ ನೋಡಿ ಅವಳು ಹಾಗಂದಿದ್ದು ಇದೇ ಮೊದಲು. ಸೌಟು ಹಿಡಿದು ನಿಂತೇ ಇದ್ದೆ.

"ಎಷ್ಟ್ ಹಾಕಿದ್ದೀಯಾ?"

"ಮೂರು ಚಮಚ. ಮಟ್ಟಸ."

"ಹಂಗಾರೆ ಸರಿ ಇರ್ತೈತೆ" ಅಂತ ಉಳಿದಿದ್ದನ್ನೂ ತಿಂದಳು. ಪೂರ್ತಿ ಟೀ ಕುಡಿದಳು.

ಮಾರ್ಚ್ 30, ಭಾನುವಾರ

ಯುಗಾದಿ. ಲಕ್ಷ್ಮೀದೇವಿ ಹೋಳಿಗೆ ಕಳಿಸಿದ್ದಳು, ಇಫ್ತಾರಿಗೆ ತಿಂದೆವು. ಚಂದ್ರ ಕಂಡಿದೆ, ನಾಳೆ ಈದ್. ಟೇಬಲ್ ತೊಳೆದು ಗೋಡೆಗೆ ಒರಗಿಸಿದೆ. ಎಣ್ಣೆ ಬಾಣಲೆ ನಾಡಿದ್ದು ಉಜ್ಜಿದರಾಯಿತು. ಖುಷಿಯಾಗಬೇಕು. ಬರೀ ನಿದ್ದೆ ಬರ್ತಿದೆ.

ಮಾರ್ಚ್ 31, ಸೋಮವಾರ. ಮಧ್ಯಾಹ್ನ 3.50

ನೆಂಟರು ಬಂದು ಹೋದರು. ಬೆಳಗಿನಿಂದ ಶೀರ್ ಖುರ್ಮಾ, ಬಿರಿಯಾನಿ... ಎಲ್ಲದರ ಉಪ್ಪನ್ನೂ ಸಕ್ಕರೆಯನ್ನೂ ನಾನೇ ನೋಡಿದೆ. ಯಾರನ್ನೂ ಕೇಳಬೇಕಾಗಿರಲಿಲ್ಲ. ಹೊಟ್ಟೆ ತುಂಬಿದೆ. ಮನಸ್ಸಿಗೆ ಸಮಾಧಾನ ಇಲ್ಲ.

ಒಂದು ಹಿಡಿ ಬಟಾಣಿ ಉಳಿದಿತ್ತು. ಸಣ್ಣ ಪಾತ್ರೆಯಲ್ಲಿ ಮಸಾಲಪುರಿ ರಸಕ್ಕೆ ಇಟ್ಟೆ. "ಹಬ್ಬದ ದಿನ ಇದು ಯಾರಿಗೆ?" ಅತ್ತೆ ಕೇಳಿದರು. ನನಗೆ ಅಂದೆ. ಪುದೀನ, ಮೆಣಸಿನಕಾಯಿ, ಚಕ್ಕೆ ಎಲ್ಲ ಬಿದ್ದಿದೆ. ಉಪ್ಪು ಹಾಕಿಲ್ಲ. ಡಬ್ಬಿಯನ್ನು ಮಣೆಯ ಪಕ್ಕದಲ್ಲಿಟ್ಟಿದ್ದೇನೆ, ಅದರ ಮೇಲೆ ಹಿತ್ತಾಳೆ ಬಟ್ಟಲು. ರಂಜಾನ್ ಮುಗಿಯಿತು, ಲಕ್ಕಮ್ಮ ಬರಬೇಕಾದ್ದೇನಿಲ್ಲ. ಅವರ ಮನೆಯಲ್ಲೂ ಇವತ್ತು ಹೊಸತೊಡಕಿನ ಬಾಡೂಟ. ಬರಲ್ಲವೇನೋ.

ಬಂದರೆ ಅವಳೇ ಹಾಕಲಿ. ಎಷ್ಟು ಹಾಕಿದರೂ ತಿಂತೀನಿ. ನೀರಿದೆ, ಇವತ್ತು ಕುಡಿಯಬಹುದು.

ನಾಲ್ಕಾಗೋಕೆ ಎರಡು ನಿಮಿಷ. ಒಲೆ ಸಣ್ಣ ಮಾಡಿದೆ. ಹಿಂದಿನ ಗೇಟು ಸದ್ದಾಯಿತು —