ಹತ್ತು ಗುಂಡಿಯ ಪೇಟಿ

ಹ್ಯೂಸ್ಟನ್
ಭಾನುವಾರ, ೫ ಅಕ್ಟೋಬರ್ ೨೦೨೫

ನೇಹಾಳ ಪಪ್ಪಾ ಅವರಿಗೆ,

ನಮಸ್ಕಾರ. ನಿಮ್ಮ ಪತ್ರ ಬಂದು ಹನ್ನೊಂದು ದಿನವಾಯಿತು. ಇಷ್ಟು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಮಾತು ನೀವು ಶುರು ಮಾಡುತ್ತೀರಿ, ನಾನು ಹೂಂ, ಹೌದ್ರಿ ಅನ್ನುತ್ತ ಹಿಂದೆ ಬರುತ್ತೇನೆ, ಇಡುವ ಹೊತ್ತಿಗೆ ನಾನು ಹೇಳಬೇಕೆಂದಿದ್ದದ್ದು ನನ್ನ ಹತ್ತಿರವೇ ಉಳಿದಿರುತ್ತದೆ. ಅದಕ್ಕೇ ಕಾಗದ ಹಿಡಿದೆ.

ನೀವು ಕೇಳಿದ್ದು ಒಂದೇ ಮಾತು. ನವೆಂಬರ್ ಎಂಟಕ್ಕೆ ಇರ್ವಿಂಗ್‌ನಲ್ಲಿ ಕನ್ನಡ ಸಂಘದವರು ನಿಮ್ಮ ಇಪ್ಪತ್ತೈದು ವರ್ಷದ ಗಾಯನಕ್ಕೆಂದು ಕಾರ್ಯಕ್ರಮ ಇಟ್ಟಿದ್ದಾರೆ, ನಾನು ಪ್ರಾಸ್ಪರ್‌ನ ನಮ್ಮ ಮನೆಗೆ ವಾಪಸ್ ಬಂದು ಮೊದಲಿನ ಹಾಗೆ ನಿಮ್ಮ ಪಕ್ಕದಲ್ಲಿ ಹಾರ್ಮೋನಿಯಂ ಪೇಟಿ ಹಿಡಿದು ಕೂಡಬೇಕು ಎಂದು. ನಾನು ಇಲ್ಲಿಗೆ ಬಂದ ಮೇಲೆ ನೀವು ಎಲ್ಲೂ ಹಾಡಿಲ್ಲ ಎಂದು ನೇಹಾ ಹೇಳಿದಳು. ಕೇಳಿ ಸಂಕಟವಾಯಿತು. ಉತ್ತರ ಕೊಡುತ್ತೇನೆ. ಅದಕ್ಕೂ ಮೊದಲು ಈ ಒಂಬತ್ತು ತಿಂಗಳು ಇಲ್ಲಿ ಏನು ಮಾಡಿದೆ ಅಂತ ಹೇಳಬೇಕು, ಇಲ್ಲದಿದ್ದರೆ ನನ್ನ ಉತ್ತರ ನಿಮಗೆ ತಿಳಿಯುವುದಿಲ್ಲ.

ಮೊದಲು ಒಂದು ಸುಳ್ಳು ಒಪ್ಪಿಕೊಂಡುಬಿಡುತ್ತೇನೆ. ಆಫೀಸಿನವರು ನನ್ನನ್ನು ಹ್ಯೂಸ್ಟನ್‌ಗೆ ಹಾಕಿದರು ಅಂತ ಎಲ್ಲರಿಗೂ ಹೇಳಿದೆ. ಯಾರೂ ಹಾಕಲಿಲ್ಲ, ನಾನೇ ಕೇಳಿಕೊಂಡು ಬಂದೆ. ಹೋದ ದೀಪಾವಳಿ ಕಾರ್ಯಕ್ರಮದಲ್ಲಿ ನಿಮಗೆ ಶಾಲು ಹೊದಿಸಿದಾಗ ಮೈಕ್ ಹಿಡಿದು ಗುರುಗಳನ್ನು ನೆನೆದಿರಿ, ತಬಲಾದ ಹಯಗ್ರೀವನನ್ನು ಹೊಗಳಿದಿರಿ, ಮೈಕಿನವನಿಗೆ, ಊಟದವರಿಗೆ, ಕುರ್ಚಿ ಹಾಕಿದವರಿಗೆ ಕೂಡ ಥ್ಯಾಂಕ್ಸ್ ಹೇಳಿದಿರಿ. ನಾನು ಪೇಟಿಯ ಮೇಲೆ ಕೈ ಇಟ್ಟುಕೊಂಡು, ಈಗ ನನ್ನ ಹೆಸರು ಬರುತ್ತದೆ, ಈಗ ಬರುತ್ತದೆ ಅಂತ ಮುಖದ ಮೇಲೆ ನಗು ಇಟ್ಟುಕೊಂಡೇ ಕೂತಿದ್ದೆ. ಕಾರಿನಲ್ಲೂ ಕಾದೆ. ಫ್ರಿಸ್ಕೋ ದಾಟಿದ ಮೇಲೆ ನೀವು ಬಾಯಿ ತೆಗೆದು ಕೇಳಿದ್ದು, ಎಣ್ಣೆಗಾಯಿಗೆ ಉಪ್ಪು ಹೆಚ್ಚಾಗಿತ್ತಲ್ಲ ಅಂತ. ಹೂಂ ಅಂದೆ. ಸೋಮವಾರ ಮ್ಯಾನೇಜರ್ ಹತ್ತಿರ ಹೋದೆ.

ಅವತ್ತು ನನಗೆ ನೋವಾದದ್ದನ್ನು ನೇಹಾ ನಿಮಗೆ ಹೇಳಿರಬೇಕು, ನಮ್ಮ ಕೈಗೆ ನಾವೇ ಥ್ಯಾಂಕ್ಸ್ ಹೇಳುತ್ತೇವೇನು ಅಂತ ಪತ್ರದಲ್ಲಿ ಬರೆದಿದ್ದೀರಿ. ಆ ಸಾಲನ್ನು ನಾಲ್ಕು ಸಲ ಓದಿದೆ. ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೈಗೂ ನೋವಾಗುತ್ತದ್ರಿ.

ಇಲ್ಲಿಗೆ ಬಂದ ಮೇಲೆ ಶನಿವಾರಗಳು ಸರಿಯುತ್ತಲೇ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಆಫೀಸಿನ ಒಬ್ಬಾಕೆ, ನಿನಗೆ ವಾದ್ಯ ಬರುತ್ತದಲ್ಲ ಬಾ ಅಂತ ಒಂದು ಕಡೆ ಕರೆದುಕೊಂಡು ಹೋದಳು. ಸಿಗಡಿ ಬೇಯಿಸುವ ಹೋಟೆಲಿನ ಹಿಂದಿನ ಪಡಸಾಲೆ. ಆ ವಾಸನೆಗೆ ದುಪಟ್ಟಾ ಮೂಗಿಗೆ ಹಿಡಿದು ಒಳಗೆ ಹೋದರೆ, ಹದಿನೈದಿಪ್ಪತ್ತು ಜನ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಪಿಟೀಲು, ಗಿಟಾರು ನುಡಿಸುತ್ತ ಕೂತಿದ್ದರು. ಕೇಜನ್ ಸಂಗೀತ ಅಂತಾರೆ ಅದಕ್ಕೆ, ಪಕ್ಕದ ಲೂಸಿಯಾನಾದಲ್ಲಿ ಫ್ರೆಂಚ್ ಮಾತಾಡುವ ಒಕ್ಕಲು ಜನರ ಹಾಡು, ಕುಣಿತ. ಹೀಗೆ ಕೂಡಿ ನುಡಿಸುವುದಕ್ಕೆ ಜ್ಯಾಮ್ ಅಂತ ಹೆಸರು. ಒಬ್ಬರ ತೊಡೆಯ ಮೇಲೆ ಪುಟ್ಟ ಮರದ ಅಕಾರ್ಡಿಯನ್ ಇತ್ತು, ಹತ್ತೇ ಗುಂಡಿ. ನಮ್ಮ ಪೇಟಿಯ ತಂಗಿಯ ಹಾಗೆ ಕಂಡಿತು. ಇದೇನು ಮಹಾ, ಎರಡು ವಾರದಲ್ಲಿ ಕಲಿಯುತ್ತೇನೆ ಅಂದುಕೊಂಡೆ.

ಸೊಕ್ಕು ಬೇಗ ಇಳಿಯಿತು. ನಮ್ಮ ಪೇಟಿಗೆ ಗಾಳಿ ಬರೀ ಉಸಿರು, ಹೇಗೆ ಹಾಕಿದರೂ ಬೆರಳು ಹೇಳಿದ್ದೇ ಸ್ವರ. ಇದು ಹಾಗಲ್ಲ. ಒಂದೇ ಗುಂಡಿ ಒತ್ತಿ ತಿದಿಯನ್ನು ಒಳಗೆ ತಳ್ಳಿದರೆ ಒಂದು ಸ್ವರ, ಹೊರಗೆ ಎಳೆದರೆ ಇನ್ನೊಂದು. ಸಾ ಹುಡುಕಿಕೊಂಡು ಹೋದರೆ ರೀ ಬಂದು ನಿಲ್ಲುತ್ತದೆ. ಮಿಸ್ ಎರ್ಲೀನ್ ಅಂತ ಒಬ್ಬ ಅಜ್ಜಿ ನನಗೆ ಕಲಿಸಿದರು. ಎಪ್ಪತ್ತೆಂಟು ವರ್ಷ, ಶಾಲೆಯ ಬಸ್ ಓಡಿಸಿ ರಿಟೈರ್ ಆದವರು, ಬಸ್ಸಿನ ಮಕ್ಕಳನ್ನು ಗದರಿಸಿದ ಹಾಗೇ ನನ್ನನ್ನೂ ಗದರಿಸುತ್ತಾರೆ. ಐವತ್ತಾರನೆಯ ವಯಸ್ಸಿನಲ್ಲಿ ಬೈಸಿಕೊಳ್ಳುವುದರಲ್ಲೂ ಒಂದು ಸುಖ ಇದೆ.

ಅಲ್ಲಿ ಒಂದು ಪದ್ಧತಿ. ಅಕಾರ್ಡಿಯನ್ ಬಹಳ ಜೋರು ವಾದ್ಯ, ಅದಕ್ಕೇ ಒಂದು ಸಲಕ್ಕೆ ಒಬ್ಬರೇ ನುಡಿಸಬೇಕು. ಕಲಿಯುವವರು ಹಿಂದಿನ ಸಾಲಿನಲ್ಲಿ ವಾದ್ಯದ ಪೆಟ್ಟಿಗೆ ಮುಚ್ಚಿಕೊಂಡು ಕೇಳಬೇಕು. ಸರದಿ ಬಂದಾಗ ಒಳಗಿನ ಕುರ್ಚಿಗೆ ಬಂದು, ಹಾಡಿನ ಹೆಸರು ಹೇಳಿ, ತಾವೇ ಶುರು ಮಾಡಬೇಕು. ಉಳಿದವರೆಲ್ಲ ಅವರ ಹಿಂದೆ.

ಜೂನ್‌ನಲ್ಲಿ ನನ್ನ ಸರದಿ ಬಂತು. ಮೂರು ಮಾತ್ರೆಯ ಒಂದು ಕುಣಿತದ ಹಾಡಿನ ಹೆಸರು ಹೇಳಿ ಗುಂಡಿಗಳ ಮೇಲೆ ಬೆರಳಿಟ್ಟೆ. ಇಟ್ಟು, ಮಿಸ್ ಎರ್ಲೀನ್ ಮುಖ ನೋಡುತ್ತ ಕೂತೆ. ಅವರು ನನ್ನ ಮುಖ ನೋಡಿದರು. ಗಿಟಾರಿನವರೂ ನೋಡಿದರು. ಯಾರಿಗೆ ಕಾಯುತ್ತಿದ್ದೀ ಮಗಳೇ ಅಂತ ಅಜ್ಜಿ ಕೇಳಿದರು. ಹಾಡುವವರಿಗೆ ಅಂದೆ. ಅವರು ನಗಲಿಲ್ಲ. ಬೇರೆ ಯಾರೂ ಬರುವುದಿಲ್ಲ, ನೀನೇ ಶುರು ಮಾಡಬೇಕು ಅಂದರು.

ನನ್ನಿಂದ ಆಗಲಿಲ್ಲರಿ. ನೀವು ಸ್ವರ ಎತ್ತಿದ ಮೇಲೆ ಅರ್ಧ ಉಸಿರು ಬಿಟ್ಟು ಹಿಂದಿನಿಂದ ಬರುವುದಷ್ಟೇ ನನ್ನ ಬೆರಳಿಗೆ ಗೊತ್ತು. ಸರದಿ ಮುಂದೆ ಹೋಗಲಿ ಅಂದೆ. ಮುಂದಿನ ಮೂರು ಶನಿವಾರವೂ ಹಾಗೇ ಅಂದೆ. ಮನೆಗೆ ಬಂದು ಅತ್ತೆ. ಒಂದು ಹಾಡು ಶುರು ಮಾಡಲು ಬಾರದವಳು ಗಂಡನನ್ನು ಬಿಟ್ಟು ಒಬ್ಬಳೇ ಇರಲು ಬಂದಳಂತೆ ಅಂತ ನನಗೆ ನಾನೇ ಬೈದುಕೊಂಡೆ.

ಐದನೆಯ ಶನಿವಾರ ಆಸ್ಟಿನ್‌ನಿಂದ ನೇಹಾ ಬಂದಿದ್ದಳು. ಮಗಳ ಎದುರಿಗೆ ಮಾನ ಹೋಗಬಾರದು ಅಂತ ಕಣ್ಣು ಮುಚ್ಚಿ ತಿದಿ ತಳ್ಳಿಬಿಟ್ಟೆ. ತುಂಬಿದ ಬಸುರಿ ನಡೆದ ಹಾಗೆ ನಿಧಾನವಾಗಿ ಶುರುವಾಯಿತು. ಮರುಗಳಿಗೆಗೆ ಪಿಟೀಲು ಬಂತು, ಗಿಟಾರು ಬಂತು, ಕಬ್ಬಿಣದ ತ್ರಿಕೋನ ಟಿಣ್ ಟಿಣ್ ಅಂತ ಸೇರಿಕೊಂಡಿತು. ಯಾರೂ ನನಗೆ ಅವಸರ ಮಾಡಲಿಲ್ಲ. ನಾನು ಎಷ್ಟು ನಿಧಾನವೋ ಎಲ್ಲರೂ ಅಷ್ಟೇ ನಿಧಾನವಾಗಿ ನನ್ನ ಹಿಂದೆ ಬಂದರು. ಅಂಥ ಸುಖ ನಾನು ಕಂಡಿರಲಿಲ್ಲ. ಇಷ್ಟು ವರ್ಷ ಇದನ್ನು ಒಬ್ಬರೇ ಉಂಡಿರಲ್ಲ, ನನಗೂ ಒಂದು ತುತ್ತು ಕೊಡಬಾರದಿತ್ತೇ ಅಂತ ನಿಮ್ಮ ಮೇಲೆ ಸಿಟ್ಟೂ ಬಂತು. ನೇಹಾ ಎಂದಿನಂತೆ ಇಂಗ್ಲಿಷಿನಲ್ಲಿ, ನೀನು ಥೇಟ್ ಪಪ್ಪಾನ ಹಾಗೆ ಹುಬ್ಬು ಗಂಟಿಕ್ಕಿದ್ದೆ ಅಂದಳು.

ಅವತ್ತೇ ಇನ್ನೊಂದು ತಿಳಿಯಿತು, ಮುಂದೆ ಹೋಗುವವರಿಗೆ ಎಷ್ಟು ಅಂಜಿಕೆ ಅಂತ. ಇಷ್ಟು ಜನ ಹಿಂದಿದ್ದಾರೆ, ದಾರಿ ತಪ್ಪಿದರೆ ತಪ್ಪಿಸಿದವಳು ನಾನೇ. ಕಾರ್ಯಕ್ರಮದ ದಿನ ಮುಂಜಾನೆಯಿಂದ ಮೆಣಸಿನ ನೀರು ಕುಡಿಯುತ್ತ, ಜುಬ್ಬಾದ ಇಸ್ತ್ರಿ ಸರಿಯಿಲ್ಲ ಅಂತ ನೀವು ನನ್ನ ಮೇಲೆ ಹರಿಹಾಯುತ್ತಿದ್ದದ್ದು ಸಿಟ್ಟಲ್ಲ, ಅಂಜಿಕೆ. ಪಕ್ಕದಲ್ಲೇ ಕೂತವಳಿಗೆ ಅದು ತಿಳಿಯಲಿಲ್ಲ ನೋಡಿ. ಅಷ್ಟರ ಮಟ್ಟಿಗೆ ನನ್ನದೂ ತಪ್ಪು.

ಈಗ ಉತ್ತರ. ಎಂಟನೆಯ ತಾರೀಖಿಗೆ ಪೇಟಿ ನುಡಿಸಲು ನಾನು ಬರುವುದಿಲ್ಲ. ಅಲೆನ್ ಊರಿನ ಅಖಿಲ್ ಚಲೋ ನುಡಿಸುತ್ತಾನೆ, ಅವನನ್ನು ಕೂಡಿಸಿಕೊಳ್ಳಿ. ಆದರೆ ಕಾರ್ಯಕ್ರಮಕ್ಕೆ ಬರುತ್ತೇನೆ. ಬಂದು ಸಭೆಯಲ್ಲಿ, ನಾಲ್ಕನೆಯ ಸಾಲಿನ ನಡುವೆ ಕೂಡುತ್ತೇನೆ. ಇಪ್ಪತ್ತೈದು ವರ್ಷದಲ್ಲಿ ನಿಮ್ಮ ಹಾಡನ್ನು ನಾನು ಒಮ್ಮೆಯೂ ಎದುರಿನಿಂದ ಕೇಳಿಲ್ಲ. ಕೇಳಿದ್ದೆಲ್ಲ ನಿಮ್ಮ ಎಡಗಿವಿಯ ಕಡೆಯಿಂದ. ಹಾಡುವಾಗ ನಿಮ್ಮ ಇಡೀ ಮುಖ ಹೇಗಿರುತ್ತದೆ ಅಂತ ನೋಡಬೇಕು, ಬಹಳ ಆಸೆ ಇದೆ.

ಪ್ರಾಸ್ಪರ್‌ಗೆ ವಾಪಸ್ ಬರುವ ಮಾತು ಆಮೇಲೆ. ಅದನ್ನು ನೀವೊಬ್ಬರೇ ನಿರ್ಧಾರ ಮಾಡುವುದೂ ಬೇಡ, ನಾನೊಬ್ಬಳೇ ಮಾಡುವುದೂ ಬೇಡ. ನವೆಂಬರ್ ಹದಿನೈದಕ್ಕೆ, ಶನಿವಾರ, ನೀವು ಇಲ್ಲಿಗೆ ಬನ್ನಿ. ನಾಲ್ಕೂವರೆ ತಾಸಿನ ಡ್ರೈವ್, ನಡುವೆ ಒಮ್ಮೆ ನಿಲ್ಲಿಸಿ ಚಹಾ ಕುಡಿಯಿರಿ. ನಿಮ್ಮ ಬಗ್ಗೆ ಜ್ಯಾಮಿನವರಿಗೆಲ್ಲ ಹೇಳಿದ್ದೇನೆ. ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅಲ್ಲೇ ಮೊದಲು. ಸಿದ್ಧಾರೂಢ ಅಂದರೆ ಅವರಿಗೆ ನಾಲಿಗೆ ಹೊರಳದೆ ಸಿಡ್ ಮಾಡಿಕೊಂಡಿದ್ದಾರೆ, ಮುನಿಸಿಕೊಳ್ಳಬೇಡಿ. ನಿಮಗೆ ಹಾಡಲು ಹೇಳುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ನಾನು ಶುರು ಮಾಡುವುದನ್ನು ಒಮ್ಮೆ ಕೇಳಿ. ಎರಡು ದಿನ ಇರುವ ಹಾಗೆ ಬಟ್ಟೆ ತನ್ನಿ. ರೊಟ್ಟಿ ಮಾಡುತ್ತೇನೆ.

ಸಿಟ್ಟಿದ್ದರೂ ನಿಮ್ಮವಳೇ,
ಲೀಲಾವತಿ

ತಾ.ಕ.: ಇದನ್ನು ಸಾಯುವ ತನಕ ಹೇಳಬಾರದು ಅಂದುಕೊಂಡಿದ್ದೆ. ಆದರೆ ಪೇಟಿಗೆ ಅಖಿಲ್ ಕೂಡುವುದಾದರೆ ಹೇಳಲೇಬೇಕು. ನಿಮ್ಮ ಶ್ರುತಿ ಕರಿ ಎರಡು ಅಂತ ಅವನಿಗೆ ಹೇಳಬೇಡಿ. ಆರು ವರ್ಷದ ಹಿಂದೆ ನೀವು ಮೇಲಿನ ಸ್ವರ ಹಿಡಿಯುವಾಗ ಕುತ್ತಿಗೆಯ ನರ ಉಬ್ಬಿದ್ದು ನೋಡಿದೆ. ಆಮೇಲೆ ಹಟ ಮಾಡಿ ಪುಣೆಯಿಂದ ಹೊಸ ಪೇಟಿ ತರಿಸಿಕೊಂಡೆನಲ್ಲ, ಅದರ ಕರಿ ಬಿಳಿ ಮನೆಗಳನ್ನೆಲ್ಲ ಒಟ್ಟಿಗೆ ಪಕ್ಕಕ್ಕೆ ಸರಿಸಬಹುದು. ನನ್ನ ಬೆರಳು ಅದೇ ಮನೆಯ ಮೇಲಿದ್ದರೂ ಶ್ರುತಿ ಕೆಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅರ್ಧರ್ಧ ಸ್ವರ ಇಳಿಸುತ್ತ ಬಂದೆ. ತಂಬೂರಿಯ ಆ್ಯಪ್ ನನ್ನ ಫೋನಿನಲ್ಲೇ ಇತ್ತು, ಅದನ್ನೂ ಜೊತೆಗೇ ಇಳಿಸಿದೆ. ತಬಲಾ ಇಳಿಸಿಕೊಳ್ಳಬೇಕಾದ ಹಯಗ್ರೀವನಿಂದ ಬಾಯಿ ಬಿಡುವುದಿಲ್ಲ ಅಂತ ಆಣೆ ಹಾಕಿಸಿಕೊಂಡಿದ್ದೆ. ನೀವೀಗ ಹಾಡುವುದು ಮೂರು ಮನೆ ಕೆಳಗೆ, ಬಿಳಿ ಒಂದರಲ್ಲಿ. ಅಖಿಲ್‌ಗೆ ಅದನ್ನೇ ಹೇಳಿ, ನಾಚಿಕೊಳ್ಳಬೇಡಿ. ಆ ಶ್ರುತಿಯಲ್ಲಿ ನಿಮ್ಮ ದನಿ ಮೊದಲಿಗಿಂತ ಚಲೋ ಇದೆ.